ಮಂಗಳವಾರದ ಮೊಟ್ಟೆ

ದಿಲ್ಲಿಯ ಓಖ್ಲಾ ಕೈಗಾರಿಕಾ ಪ್ರದೇಶದಲ್ಲಿ, ಮುದ್ರಣಾಲಯವೊಂದರ ಗೋಡೆಯ ಪಕ್ಕ, ಒಂದು ಬ್ರೆಡ್-ಆಮ್ಲೆಟ್ ಗಾಡಿ ನಿಲ್ಲುತ್ತದೆ. ಕಳೆದ ತಿಂಗಳು ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಾಗ ತವದ ಮೇಲೆ ಬೆಣ್ಣೆ ಕರಗುತ್ತಿತ್ತು, ಬ್ರೆಡ್ಡಿನ ಪೊಟ್ಟಣಗಳೂ ಇದ್ದವು, ಮೊಟ್ಟೆಯ ಟ್ರೇ ಮಾತ್ರ ಖಾಲಿ. ನನ್ನ ಜೊತೆ ಬಂದಿದ್ದ ಸಹೋದ್ಯೋಗಿ ಕಿರಣ್ ಆಮ್ಲೆಟ್ ಕೇಳಿದ. ಗಾಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿ, "ಆಜ್ ಮಂಗಲ್ ಹೈ ಭಯ್ಯಾ," ಎಂದ.

"ಮಂಗಳವಾರ ಆದ್ರೆ ಏನಂತೆ ಮೇಡಂ? ಇವ್ರಿಗೆ ವಾರದ ರಜಾನಾ?" ಎಂದು ಕಿರಣ್ ನನ್ನ ಕಡೆ ತಿರುಗಿದ.

ನನಗೆ ನಗು ಬಂತು. ಆ ಬೆಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿದ್ದ ಹಾಗೆ ನಗುವಿನ ಹಿಂದೆಯೇ ಕೋಪವೂ ಬಂತು. ಇಷ್ಟು ವರ್ಷವಾದರೂ ಆರದ ಕೋಪ. ಆರಿಸಿಕೊಳ್ಳುವ ಆಸೆಯೂ ನನಗಿಲ್ಲ ಅನ್ನಿ.

ಪೀತಮ್‌ಪುರಕ್ಕೆ ಆಗಿನ್ನೂ ಮೆಟ್ರೋ ಬಂದ ಹೊಸತು. ಬಿ.ಫಾರ್ಮ ಮುಗಿಸಿ ದಾವಣಗೆರೆಯಿಂದ ಬಂದಿದ್ದ ನಾನು ಅಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೆ. ಚಿಕ್ಕಪ್ಪ ಕೇಂದ್ರ ಸರ್ಕಾರದ ಯಾವುದೋ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಚಿಕ್ಕಮ್ಮ ರೈಲಿನಲ್ಲಿ ಬರುವವರ ಕೈಯಲ್ಲೆಲ್ಲ ಮಂಡಕ್ಕಿ ತರಿಸಿಕೊಂಡು, ದಿಲ್ಲಿಯಲ್ಲಿದ್ದೂ ದಾವಣಗೆರೆಯನ್ನು ಬಿಡದೆ ಸಂಸಾರ ಮಾಡುತ್ತಿದ್ದವರು. ಅಪ್ಪ ನನ್ನನ್ನು ಕಳಿಸುವಾಗ ಒಂದು ಮಾತು ಹೇಳಿದ್ದರು: "ಒಂದು ವರ್ಷ ನೋಡು. ಕೆಲ್ಸ ಕೈಗೆ ಹತ್ತಿದ್ರೆ ಸರಿ, ಇಲ್ದಿದ್ರೆ ಬಾಯಿ ಮುಚ್ಕೊಂಡು ವಾಪಸ್ ಬಂದು ನಾವು ತೋರಿಸ್ದೋನ್ನ ಮದುವೆ ಆಗು." ಹಾಗಾಗಿ ಓಖ್ಲಾದ ಆ ಕೆಲಸ ನನಗೆ ಬರೀ ಕೆಲಸವಾಗಿರಲಿಲ್ಲ. ಅದು ಹೋದರೆ ದಿಲ್ಲಿಯೂ ಹೋಗುತ್ತಿತ್ತು.

ಆ ಬೇಸಿಗೆಯನ್ನು ನೆನೆದರೆ ಇವತ್ತಿಗೂ ಕಣ್ಣು ಉರಿಯುತ್ತದೆ. ಬೆಳಗ್ಗೆ ಹತ್ತರ ಹೊತ್ತಿಗೇ ಲೂ ಎಂಬ ಬಿಸಿಗಾಳಿ ಶುರು. ದುಪಟ್ಟಾದಿಂದ ಮುಖ, ಮೂಗು ಎಲ್ಲ ಸುತ್ತಿಕೊಂಡು, ಮೆಟ್ರೋ ಇಳಿದು ಓಖ್ಲಾದ ಬಸ್ಸು ಹತ್ತುವಷ್ಟರಲ್ಲಿ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಕಂಡಕ್ಟರ್ ಬಸ್ಸಿನ ತಗಡನ್ನು ಪಟಪಟ ಬಡಿಯುತ್ತ "ಆಗೇ ಚಲೋ, ಆಗೇ ಚಲೋ" ಎಂದು ಕೂಗುವುದು. ಒಂದು ಕಡೆ ಸಿದ್ಧ ಉಡುಪಿನ ಕಾರ್ಖಾನೆ, ಇನ್ನೊಂದು ಕಡೆ ಮುದ್ರಣಾಲಯ, ನಡುವೆ ನಮ್ಮ ಕಟ್ಟಡ. ಹೊರಗೆ ಶಾಯಿಯ ನಾತ, ಒಳಗೆ ಸ್ಪಿರಿಟ್ಟಿನ ನಾತ.

ನಮ್ಮದು ಔಷಧ ತಯಾರಿಸುವ ಕಂಪನಿಯಲ್ಲ. ಔಷಧ ಕಂಪನಿಗಳಿಂದ ಗುತ್ತಿಗೆ ಹಿಡಿದು ಅವರ ಪರವಾಗಿ ಪರೀಕ್ಷೆ ಮಾಡಿಕೊಡುವ ಸಂಸ್ಥೆ. ಹಳೆಯ ದುಬಾರಿ ಮಾತ್ರೆಯೊಂದನ್ನು ಅಗ್ಗದಲ್ಲಿ ತಯಾರಿಸಬೇಕೆಂದು ಒಂದು ಕಂಪನಿ ಹೊರಟಿತು ಅನ್ನಿ. ಹಳೆಯ ಮಾತ್ರೆ ರಕ್ತಕ್ಕೆ ಹೇಗೆ ಸೇರುತ್ತದೋ ಹೊಸದೂ ಹಾಗೇ ಸೇರುತ್ತದೆ ಎಂದು ಅದು ತೋರಿಸಬೇಕು. ಅದಕ್ಕೆ ಆರೋಗ್ಯವಂತ ಗಂಡಸರು ದುಡ್ಡಿಗಾಗಿ ವಾಲಂಟಿಯರ್‌ಗಳಾಗಿ ಬರುತ್ತಾರೆ, ನಮ್ಮಲ್ಲೇ ಉಳಿಯುತ್ತಾರೆ. ಒಂದು ಸಲ ಹಳೆಯದು, ಮೈಯಿಂದ ಅದು ಪೂರ್ತಿ ಇಳಿದ ಮೇಲೆ ಇನ್ನೊಂದು ಸಲ ಹೊಸದು ನುಂಗುತ್ತಾರೆ. ಕೈಗೆ ಸೂಜಿ ಸಿಕ್ಕಿಸಿ ಹೊತ್ತು ಹೊತ್ತಿಗೆ ರಕ್ತ ತೆಗೆಯುತ್ತೇವೆ. ಎರಡು ಸಲವೂ ಮಾತ್ರೆಗೆ ಮುಂಚೆ ತಿನ್ನುವುದು ಒಂದೇ ಆಗಿರಬೇಕು, ಅಷ್ಟೇ ಆಗಿರಬೇಕು. ತಟ್ಟೆಯಲ್ಲಿ ಏರುಪೇರಾದರೆ ರಕ್ತದಲ್ಲೂ ಏರುಪೇರು, ಆಮೇಲೆ ಯಾವುದನ್ನು ಯಾವುದಕ್ಕೆ ಹೋಲಿಸುವುದು?

ಆ ಸಲದ್ದು ಮೂರ್ಛೆ ರೋಗದ ಮಾತ್ರೆ. ಜಿಡ್ಡಿನ ಊಟದ ಮೇಲೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬ ಪರೀಕ್ಷೆ. ಬೆಣ್ಣೆಯಲ್ಲಿ ಕರಿದ ಎರಡು ಮೊಟ್ಟೆ, ಕೋಳಿ ಕಟ್ಲೆಟ್, ಬೆಣ್ಣೆ ಬಳಿದ ಬ್ರೆಡ್ಡು, ಆಲೂಗೆಡ್ಡೆ, ಕೆನೆಹಾಲು. ಅರ್ಧ ಗಂಟೆಯೊಳಗೆ ಎಲ್ಲರ ತಟ್ಟೆಯೂ ಖಾಲಿಯಾಗಬೇಕು. ನಿಂತು ನೋಡಿಕೊಂಡು, "ಎಲ್ಲರೂ ಪೂರ್ತಿ ತಿಂದರು" ಎಂದು ಸಹಿ ಹಾಕುವುದು ಊಟದ ಮನೆಯ ಉಸ್ತುವಾರಿಯಾದ ನನ್ನ ಕೆಲಸ. ಮೊಟ್ಟೆ ಕೈಯಲ್ಲೂ ಮುಟ್ಟದ ಮನೆಯಲ್ಲಿ ಹುಟ್ಟಿದವಳು ನಾನು! ಮೊದಲ ವಾರ ದುಪಟ್ಟಾ ಮೂಗಿಗೆ ಹಿಡಿದೇ ನಿಂತಿದ್ದೆ. ಚಿಕ್ಕಮ್ಮ ನನ್ನನ್ನು ಬಾಗಿಲಲ್ಲೇ ತಡೆದು, "ಮೊದ್ಲು ಸ್ನಾನ ಮಾಡ್ಕೊಂಡು ಬಾರೇ ತಾಯಿ, ಆಮೇಲೆ ಅಡಿಗೆಮನೆಗೆ," ಅನ್ನುತ್ತಿದ್ದರು.

ಈ ಪರೀಕ್ಷೆಯ ಮುಖ್ಯಸ್ಥರು ಮುರಳಿ ಸರ್, ಮೈಸೂರಿನವರು. ಯಾವ ದಿನ ಮಾತ್ರೆ, ಯಾವ ದಿನ ಊಟ, ಎಲ್ಲ ಗೊತ್ತು ಮಾಡುವವರು ಅವರೇ. ಎಲ್ಲರ ಜೊತೆ ಇಂಗ್ಲಿಷು, ನನ್ನ ಜೊತೆ ಮಾತ್ರ ಕನ್ನಡ. "ಏನಮ್ಮಾ, ತಿಂಡಿ ಆಯ್ತಾ? ನಮ್ಮೋರು ಅಂತ ಒಬ್ರಾದ್ರೂ ಇದೀರಲ್ಲ ಇಲ್ಲಿ," ಎಂದು ಅವರು ಕೇಳಿದರೆ ಆ ಬಿಸಿಲಲ್ಲೂ ಜೀವಕ್ಕೆ ತಂಪಾಗುತ್ತಿತ್ತು. ಆಗ ನಾನು ಅವರನ್ನು ತುಂಬ ಗೌರವಿಸುತ್ತಿದ್ದೆ.

ಬಂದ ವಾಲಂಟಿಯರ್‌ಗಳಲ್ಲಿ ರಾಜ್‌ಪಾಲ್ ಎಂಬುವನು ಹರಿಯಾಣದ ಕಡೆಯವನು, ಟೆಂಪೊ ಓಡಿಸುತ್ತಿದ್ದ. ಬಾಯಿ ಅಂದರೆ ಬಾಯಿ ಅವನದು. ರಕ್ತ ತೆಗೆಯುವ ನರ್ಸ್ ಲೀಲಮ್ಮ, ಕೇರಳದವರು, ಹತ್ತಿರ ಬಂದರೆ "ಸಿಸ್ಟರ್, ಸ್ವಲ್ಪ ಉಳಿಸಿ, ಹೆಂಡತಿಗೂ ಕುಡಿಯೋಕೆ ಬೇಕು," ಅನ್ನುತ್ತಿದ್ದ. ಅವನ ಪಕ್ಕದ ಹಾಸಿಗೆ ಬಾಪಿಯದು. ಪಕ್ಕದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದ ಬಂಗಾಳಿ, ಮಿತಭಾಷಿ, ಯಾರು ಏನು ಕೇಳಿದರೂ ಇಲ್ಲ ಅನ್ನದವನು. ಮೊದಲ ಸಲದ ಮಾತ್ರೆ ಒಂದು ಭಾನುವಾರ ಬಂತು. ಎಲ್ಲರೂ ತಟ್ಟೆ ನೆಕ್ಕಿಟ್ಟರು. "ಮದುವೆ ಮನೇಲೂ ಇಷ್ಟು ಬೆಣ್ಣೆ ಹಾಕಲ್ಲ ಮೇಡಂಜಿ," ಎಂದು ರಾಜ್‌ಪಾಲ್ ಇನ್ನೊಂದು ಕಟ್ಲೆಟ್ ಕೇಳಿ ಬೈಸಿಕೊಂಡಿದ್ದ.

ಎರಡನೆಯ ಸಲದ್ದು ಮಂಗಳವಾರ ಬಿತ್ತು.

ದಿಲ್ಲಿಯ ಸುತ್ತಮುತ್ತಲಿನ ಅದೆಷ್ಟೋ ಮನೆಗಳಲ್ಲಿ ಮಂಗಳವಾರ ಹನುಮಂತನ ದಿನ, ಮೊಟ್ಟೆ ಮಾಂಸ ಮುಟ್ಟುವುದಿಲ್ಲ. ಇದು ಅಲ್ಲಿ ಬೀದಿಯ ಗಾಡಿಯವನಿಗೂ ಗೊತ್ತು. ನಮ್ಮ ಕಟ್ಟಡದ ಮೇಲಿನ ಮಹಡಿಗೆ ಮಾತ್ರ ಗೊತ್ತಿರಲಿಲ್ಲ. ದಿನ ಗೊತ್ತು ಮಾಡಿದವರು ಮೈಸೂರಿನವರು, ಒಪ್ಪಿಗೆ ಕೊಟ್ಟ ಔಷಧ ಕಂಪನಿ ಎಲ್ಲೋ ದೂರದ್ದು, ಬಡಿಸುವವಳು ದಾವಣಗೆರೆಯವಳು. ನಮಗೆಲ್ಲ ಮಂಗಳವಾರ ಅಂದರೆ ಸೋಮವಾರದ ಮಾರನೆಯ ದಿನ, ಅಷ್ಟೇ.

ಆ ಬೆಳಗ್ಗೆ ಊಟದ ಮನೆಯಲ್ಲಿ ಸದ್ದೇ ಇರಲಿಲ್ಲ. ರಾಜ್‌ಪಾಲ್ ಕೂಡ ಸುಮ್ಮನೆ ತಟ್ಟೆ ನೋಡುತ್ತಿದ್ದ. ನಿದ್ದೆಗಣ್ಣು ಅಂದುಕೊಂಡೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಅದು ನೆಲಮಾಳಿಗೆ, ಕಿಟಕಿ ಇಲ್ಲ, ಕಗ್ಗತ್ತಲು. "ಯಾರೂ ಏಳಬೇಡಿ!" ಎಂದು ಕೂಗಿ, ಬಾಗಿಲಲ್ಲಿ ನಿಂತು ಜನರೇಟರ್‌ನವನನ್ನು ಕರೆದೆ. ಅವನು ಎಂದಿನಂತೆ ಸಾವಕಾಶವಾಗಿ ಹಾಕಿದ. ದೀಪ ಬಂದಾಗ ಎಲ್ಲರ ತಟ್ಟೆಯೂ ಖಾಲಿ. ಭಲೇ ಭಲೇ ಅಂದುಕೊಂಡು ಮೇಲಕ್ಕೆ ಕಳಿಸಿದೆ. ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡಿಯೂ ಆಯಿತು.

ಸ್ವಲ್ಪ ಹೊತ್ತಿಗೆ ಬಾಪಿ ವಾಂತಿ ಮಾಡಿಕೊಂಡ. ಸಣ್ಣಪುಟ್ಟ ವಾಂತಿಯಲ್ಲ, ಕರುಳು ಕಿತ್ತು ಬರುವ ಹಾಗೆ. ಲೀಲಮ್ಮ ಬೇಸಿನ್ ಹಿಡಿದು ನಿಂತವರು ನನ್ನನ್ನು ಕರೆದು, "ಇದು ಒಬ್ಬನ ತಿಂಡಿ ಅಲ್ಲಮ್ಮ, ನೀನೇ ನೋಡು," ಎಂದರು. ನೋಡಿದೆ. ಯಾರಾದರೂ ಹೇಳಬಹುದಿತ್ತು, ಅದು ಒಬ್ಬನ ಹೊಟ್ಟೆಯಲ್ಲಿರಬೇಕಾದ ಮೊಟ್ಟೆಯಲ್ಲ.

ನಾನು ಬಾಪಿಯನ್ನು ಕೇಳಿದೆ. ಪಕ್ಕದ ಹಾಸಿಗೆಯಿಂದ ರಾಜ್‌ಪಾಲ್ ಎದ್ದು ಬಂದ. "ಅವನನ್ನ ಬಿಡಿ ಮೇಡಂಜಿ. ನಾವೇ ಅವನ ತಟ್ಟೆಗೆ ಹಾಕಿದ್ದು. ನಾನು, ಇನ್ನೂ ಮೂರು ನಾಲ್ಕು ಜನ. ಇವನಿಗೆ ಮಂಗಳವಾರ ಇಲ್ಲ, ತಿಂದುಬಿಡಪ್ಪ ಅಂದ್ವಿ. ದೋಸ್ತಿಗೆ ತಿಂದ, ಪಾಪ."

"ತಿನ್ನಲ್ಲ ಅಂತ ಮೊದಲೇ ಹೇಳೋಕೇನಾಗಿತ್ತು?" ಎಂದು ನಾನು ರೇಗಿದೆ.

"ಕೇಳಿದ್ದು ಯಾರು?" ಎಂದ ರಾಜ್‌ಪಾಲ್. "ಸಿಗರೇಟ್ ಸೇದ್ತೀರಾ ಅಂತ ಕೇಳಿದ್ರಿ, ಕುಡೀತೀರಾ ಅಂತ ಕೇಳಿದ್ರಿ, ಅಜ್ಜ ಯಾವ ಕಾಯಿಲೇಲಿ ಸತ್ತ ಅಂತಾನೂ ಕೇಳಿದ್ರಿ. ಇದನ್ನ ಕೇಳಲಿಲ್ಲ. ತಿನ್ನದೇ ಇದ್ರೆ ಹೊರಗೆ ಕಳಿಸ್ತೀವಿ ಅಂತ ಮಾತ್ರ ಹೇಳಿದ್ರಿ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದ, "ನೀವು ತಿಂತೀರಾ ಮೇಡಂಜಿ, ಮೊಟ್ಟೆ?"

"ಇಲ್ಲ."

"ಯಾವ ದಿನಾನೂ ಇಲ್ವಾ?"

"ಯಾವ ದಿನಾನೂ ಇಲ್ಲ."

"ಹಾಗಾದ್ರೆ ನಿಮಗೆ ನಾನೇನು ಹೇಳೋದು," ಎಂದು ಅವನು ಹೋಗಿ ಹಾಸಿಗೆಯ ಮೇಲೆ ಕೂತ.

ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಹುಟ್ಟಿದಾಗಿನಿಂದ ಯಾರೂ ನನ್ನ ಬಾಯಿಗೆ ಮೊಟ್ಟೆ ತುರುಕಿರಲಿಲ್ಲ. ಬೇಡ ಅಂದರೆ ಸಾಕು, ತಟ್ಟೆ ಬದಲಾಗುತ್ತಿತ್ತು. ಈ ಜನ ಬೇಡ ಅನ್ನುವುದಕ್ಕೆ ಕತ್ತಲಾಗುವವರೆಗೆ ಕಾಯಬೇಕಾಯಿತು.

ಮುರಳಿ ಸರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಆಗಲೇ ಎಲ್ಲ ಅವರ ಕಿವಿಗೆ ಬಿದ್ದಿತ್ತು. ಬಾಗಿಲು ಹಾಕಿ, ಕುರ್ಚಿ ತೋರಿಸಿ, ಕನ್ನಡಕ್ಕೆ ಇಳಿದರು.

"ಕೂತ್ಕೊಳಮ್ಮ. ಊಟ ಆಯ್ತಾ? ನೋಡು, ಇದನ್ನ ದೊಡ್ಡದು ಮಾಡೋದು ಬೇಡ. ಆ ಬಂಗಾಳಿಯವನು ಮಾತ್ರೆಯಿಂದ ವಾಂತಿ ಮಾಡ್ಕೊಂಡ. ಮಾತ್ರೆ ಅಂದ್ಮೇಲೆ ಅದೆಲ್ಲ ಇದ್ದದ್ದೇ. ಅವನೊಬ್ಬನ್ನ ಬಿಟ್ಟುಬಿಡೋಣ. ಮಿಕ್ಕೋರು ಪೂರ್ತಿ ತಿಂದ್ರು ಅಂತ ನೀನು ಸೈನ್ ಹಾಕು, ಮುಗೀತು. ನಾಳೆ ಔಷಧ ಕಂಪನಿಯವರು ನೋಡೋಕೆ ಬರ್ತಿದ್ದಾರೆ."

"ಅವ್ರು ತಿಂದಿಲ್ಲ ಸರ್."

"ನೀನು ಕಂಡ್ಯಾ? ಕತ್ತಲಿತ್ತಲ್ವ?"

"ಅವ್ರೇ ಹೇಳಿದ್ರು. ಬೇಸಿನ್ನಲ್ಲೂ ಕಂಡೆ."

ಅವರು ನಕ್ಕರು. "ಎರಡು ಮೊಟ್ಟೆಯಿಂದ ಲೋಕ ಮುಳುಗಲ್ಲ ಕಣಮ್ಮ. ಇದು ಹೋದ್ರೆ ನಮಗೆ ಗುತ್ತಿಗೆ ಹೋಗುತ್ತೆ. ನಿನ್ನ ಪ್ರೊಬೇಷನ್ನೂ ಮುಗಿದಿಲ್ಲ. ದೂರದ ಊರಿಗೆ ಬಂದು ನಾವು ನಾವೇ ಒಬ್ಬರ ಕಾಲು ಒಬ್ಬರು ಎಳೆದ್ರೆ ಹೇಗೆ ಹೇಳು? ನಮ್ಮೋಳು ಅಂತ ತಾನೇ ನಿನ್ನನ್ನ ತಗೊಂಡಿದ್ದು?"

ಅಲ್ಲಿಗೆ ನನ್ನ ತಲೆ ಕೆಟ್ಟಿತು. ಎರಡು ಮೊಟ್ಟೆಯಂತೆ! ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೀತಾ ಪ್ರಾರ್ಥನೆಯ ಹೊತ್ತಿಗೆ ದಢಾರನೆ ಬಿದ್ದು ಕೈಕಾಲು ಸೆಟೆದುಕೊಳ್ಳುತ್ತಿದ್ದದ್ದು ಕಣ್ಣ ಮುಂದೆ ಬಂತು. ಈ ಮಾತ್ರೆ ನುಂಗುವವರು ಗೀತಾಳಂಥವರು. ರಕ್ತದಲ್ಲಿ ಅದು ಒಂದಿಷ್ಟು ಕಡಿಮೆಯಾದರೂ ಬೀಳುವವರು ಅವರು, ಮುರಳಿ ಸರ್ ಅಲ್ಲ. ಇನ್ನೊಂದು ನನಗೆ ಹೊಳೆಯಿತು. ಅವರು ಬಾಗಿಲು ಹಾಕಿ ಕನ್ನಡದಲ್ಲಿ ಮಾತಾಡಿದ್ದು ಪ್ರೀತಿಗಲ್ಲ. ಹೊರಗಿದ್ದವರಿಗೆ ತಿಳಿಯಬಾರದು ಎಂದು. ನನ್ನ ಭಾಷೆಯನ್ನು ನನಗೇ ಬೆಣ್ಣೆ ಹಚ್ಚುವುದಕ್ಕೆ ಬಳಸುತ್ತಿದ್ದರು.

ಎದ್ದು ಬಾಗಿಲು ತೆಗೆದೆ. ಲೀಲಮ್ಮ, ರಕ್ತದ ಟ್ಯೂಬು ಹಿಡಿದಿದ್ದ ಟೆಕ್ನಿಷಿಯನ್, ಎಲ್ಲ ಹೊರಗೇ ಇದ್ದರು. ನನ್ನ ಹಿಂದಿ ಆಗ ಮುರುಕು ಹಿಂದಿ. ತರಕಾರಿಯವನೂ ನಗುತ್ತಿದ್ದ. ಆದರೂ ಇಡೀ ಪಡಸಾಲೆಗೆ ಕೇಳುವ ಹಾಗೆ ಹಿಂದಿಯಲ್ಲೇ ಹೇಳಿದೆ: "ಸರ್, ಮೈಂ ಸೈನ್ ನಹೀಂ ಕರೂಂಗೀ. ಇವರು ತಿಂದಿಲ್ಲ. ಇವರನ್ನ ಯಾರೂ ಕೇಳಲೂ ಇಲ್ಲ. ಮಾತ್ರೆಯಿಂದ ವಾಂತಿ ಆಯ್ತು ಅಂತ ನಾನು ಬರೆಯಲ್ಲ."

ಮುರಳಿ ಸರ್ ಮುಖ ಕೆಂಪಗಾಯಿತು. "ಹಾಗಾದ್ರೆ ಮೋಸ ಮಾಡಿದ ಇವರಷ್ಟೂ ಜನ ನಾಳೆಯೇ ಆಚೆಗೆ. ಇನ್ನು ಈ ಊರಿನ ಯಾವ ಪರೀಕ್ಷಾ ಘಟಕಕ್ಕೂ ಇವರನ್ನ ಸೇರಿಸದ ಹಾಗೆ ಮಾಡ್ತೀನಿ," ಎಂದು ಅವರೂ ಹಿಂದಿಯಲ್ಲೇ ಗುಡುಗಿದರು. ಅದು ನನಗೆ ಹಾಕಿದ ಗಾಳ. ಸಹಿ ಹಾಕಿದರೆ ಅವರು ಉಳಿಯುತ್ತಾರೆ, ಹಾಕದಿದ್ದರೆ ನನ್ನಿಂದ ಅವರ ಅನ್ನ ಹೋಗುತ್ತದೆ. ನಾನು ಬ್ಯಾಗ್ ಎತ್ತಿಕೊಂಡು ಬಂದುಬಿಟ್ಟೆ.

ಆ ಸಂಜೆ ಚಿಕ್ಕಮ್ಮ ಮಂಡಕ್ಕಿ ಒಗ್ಗರಣೆ ಹಾಕಿ ತಟ್ಟೆ ಮುಂದಿಟ್ಟರು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಚಿಕ್ಕಪ್ಪನಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸುತ್ತ, "ನೋಡವ್ವ, ಮೇಲಿನೋರು ಹೇಳಿದ್ರು ಅಂತ ಕೆಳಗೆ ಒಂದು ಸಾಲು ಬರೆದು ಸೈನ್ ಹಾಕಿಬಿಡು. ನಾವು ಆಫೀಸಲ್ಲಿ ಮಾಡೋದು ಅದೇ," ಎಂದರು.

ಚಿಕ್ಕಮ್ಮ ಅಡಿಗೆಮನೆಯಿಂದ ಸೌಟು ಹಿಡಿದೇ ಬಂದರು. "ನೀವು ಸುಮ್ನಿರ್ರೀ. ನೀವು ಸೈನ್ ಹಾಕಿದ ಫೈಲನ್ನ ಯಾರೂ ನುಂಗಲ್ಲ. ಇವಳು ಸೈನ್ ಹಾಕಿದ್ದನ್ನ ಜನ ನುಂಗ್ತಾರೆ." ನನ್ನ ಕಡೆ ತಿರುಗಿ, "ಹಾಕ್ಬೇಡ ಕಣೆ. ಕೆಲ್ಸ ಹೋದ್ರೆ ಹೋಗ್ಲಿ. ನಿಮ್ಮಪ್ಪಂಗೆ ನಾನು ಹೇಳ್ತೀನಿ. ಈ ಮನೇಲಿ ನಿನಗೆ ಎರಡು ರೊಟ್ಟಿ ಕಡಿಮೆ ಬೀಳಲ್ಲ," ಎಂದರು. ನನಗೆ ಅಳು ಬಂತು. ಅಳುತ್ತಲೇ ಮಂಡಕ್ಕಿ ಪೂರ್ತಿ ತಿಂದೆ.

ಮರುದಿನ ಔಷಧ ಕಂಪನಿಯ ಪರವಾಗಿ ಬಂದವರು ಒಬ್ಬ ಮರಾಠಿ ಹೆಂಗಸು, ನೆರೆತ ಕೂದಲು, ಮುಖದಲ್ಲಿ ನಗುವಿನ ಸುಳಿವಿಲ್ಲ. ಮುರಳಿ ಸರ್ ಅವರನ್ನು ನೇರ ತಮ್ಮ ಕ್ಯಾಬಿನ್ನಿಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಅಡ್ಡ ನಿಂತೆ.

"ಮೇಡಂ, ಮೊದಲು ವಾರ್ಡಿಗೆ ಬನ್ನಿ. ನಿನ್ನೆ ಏನಾಯ್ತು ಅಂತ ಅಲ್ಲೇ ಹೇಳ್ತೀನಿ, ವಾಲಂಟಿಯರ್‌ಗಳ ಎದುರಿಗೇ."

ಮುರಳಿ ಸರ್ ಕನ್ನಡದಲ್ಲಿ ಮೆಲ್ಲಗೆ, "ಬೇಡಮ್ಮಾ," ಎಂದರು. ನಾನು ಅವರ ಕಡೆ ತಿರುಗಲಿಲ್ಲ.

ವಾರ್ಡಿನಲ್ಲಿ ಮಂಗಳವಾರದ ಮೊಟ್ಟೆ, ಕತ್ತಲು, ತಟ್ಟೆ, ಬಾಪಿಯ ವಾಂತಿ, ಒಂದೂ ಬಿಡದೆ ಹೇಳಿದೆ. ಬಾಪಿ ತಲೆ ತಗ್ಗಿಸಿದ್ದ. ರಾಜ್‌ಪಾಲ್ ಎದ್ದು ನಿಂತು, "ಹಾಂ ಜಿ, ನಾನು ತಿಂದಿಲ್ಲ," ಎಂದ. ಅವನ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಮತ್ತೊಬ್ಬ, ಮಗದೊಬ್ಬ. ರಾಜ್‌ಪಾಲ್ ಹೇಳಿದ್ದಕ್ಕಿಂತ ಹೆಚ್ಚು ಜನ ಎದ್ದರು. ಕೆಲವರು ಕಟ್ಲೆಟ್ಟನ್ನು ಕಾಲುಚೀಲದಲ್ಲಿ ತಂದು ಶೌಚಾಲಯದಲ್ಲಿ ಬಿಸಾಕಿದ್ದರಂತೆ. ಲೀಲಮ್ಮ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದರು.

"ಇವರೆಲ್ಲ ನಿಯಮ ಮುರಿದಿದ್ದಾರೆ, ಇವರನ್ನು ತೆಗೆದುಹಾಕ್ತೀವಿ," ಎಂದರು ಮುರಳಿ ಸರ್.

"ತೆಗೆಯೋದಾದ್ರೆ ದಿನ ಗೊತ್ತು ಮಾಡಿದವರಿಂದ ಶುರು ಮಾಡಿ," ಎಂದೆ ನಾನು. "ಬಡಿಸಿದವಳು ನಾನು, ನನ್ನ ಹೆಸರನ್ನೂ ಸೇರಿಸಿ. ಆಮೇಲೆ ಬೇಕಾದ್ರೆ ಇವರ ಹೆಸರು."

ಆ ಹೆಂಗಸು ಮುರಳಿ ಸರ್ ಅವರನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಮಂಗಳವಾರ ಇಟ್ಟವರು ಯಾರು?"

ಆ ಸಲದ ರಕ್ತವೆಲ್ಲ ಲೆಕ್ಕಕ್ಕಿಲ್ಲವೆಂದಾಯಿತು. ಪರೀಕ್ಷೆ ಮೊದಲಿಂದ ಮತ್ತೆ, ನಮ್ಮ ಸಂಸ್ಥೆಯ ಖರ್ಚಿನಲ್ಲಿ. ಯಾರನ್ನೂ ತೆಗೆಯಬಾರದು, ಎಲ್ಲರಿಗೂ ಪೂರ್ತಿ ದುಡ್ಡು ಎಂದು ಅವರು ಅಲ್ಲೇ ಹೇಳಿ ಹೋದರು. ಬಾಪಿಯ ವಾಂತಿ ಮಾತ್ರೆಯ ತಲೆಗೆ ಕಟ್ಟಲಿಲ್ಲ. ನನ್ನನ್ನು ಮಾತ್ರ ತಿಂಗಳ ಕೊನೆಗೆ ಮುರಳಿ ಸರ್ ಕರೆದು, ಇಂಗ್ಲಿಷಿನಲ್ಲಿ, ನನಗೆ ಹೊಂದಿಕೊಂಡು ಹೋಗುವ ಗುಣವಿಲ್ಲ ಎಂದು ತಿಳಿಸಿ ಬೀಳ್ಕೊಟ್ಟರು. ಹೌದು ಸರ್, ಇಲ್ಲ ಎಂದೆ. ಅಪ್ಪ ಫೋನ್ ಮಾಡಿ "ಸಾಕು, ಬಾ ಇನ್ನ," ಅಂದರು. ಬರಲ್ಲ ಅಂದೆ. ಗುಡಗಾಂವಿನಲ್ಲಿ ಇನ್ನೊಂದು ಕೆಲಸ ಸಿಗುವಷ್ಟರಲ್ಲಿ ಮಳೆಗಾಲ ಬಂದು ಹೋಗಿತ್ತು. ಅಷ್ಟೂ ದಿನ ಚಿಕ್ಕಮ್ಮನ ರೊಟ್ಟಿ ತಿಂದೆ, ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ.

ಓಖ್ಲಾದ ಆ ಕಟ್ಟಡದಿಂದ ಹೊರಬಿದ್ದ ಕೊನೆಯ ದಿನ ರಾಜ್‌ಪಾಲ್ ಮತ್ತು ಬಾಪಿ ಇದೇ ಗಾಡಿಯ ಹತ್ತಿರ ನಿಂತಿದ್ದರು. ಲೀಲಮ್ಮ ಹೇಳಿರಬೇಕು. ರಾಜ್‌ಪಾಲ್ ಎರಡು ಆಮ್ಲೆಟ್ಟಿಗೆ ಹೇಳಿ, "ಆಜ್ ಮಂಗಲ್ ನಹೀಂ ಹೈ," ಎಂದು ಕಣ್ಣು ಹೊಡೆದ. ಬಾಪಿ, "ನನಗೆ ಮೊಟ್ಟೆ ಬೇಡ, ಇನ್ನು ಜನ್ಮದಲ್ಲಿ ಬೇಡ," ಎಂದು ಬರೀ ಚಹಾ ಹಿಡಿದ. ಅವನು ಅಷ್ಟು ಗಟ್ಟಿಯಾಗಿ ಬೇಡ ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಮೇಲೆ ರಾಜ್‌ಪಾಲ್ ನನ್ನ ಕಡೆ ತಿರುಗಿ ಕೇಳಿದ, "ನೀವೇನು ತಗೊಳ್ತೀರಿ ಮೇಡಂಜಿ?"

ನಾವು ಅವನನ್ನು ಒಂದು ಸಲವೂ ಕೇಳದಿದ್ದ ಪ್ರಶ್ನೆ ಅದು. ಬ್ರೆಡ್ಡು ಬೆಣ್ಣೆ ಎಂದೆ. ಗಾಡಿಯವನಿಗೆ ತವ ಚೆನ್ನಾಗಿ ಒರೆಸಿ ಮಾಡು ಎಂದು ರಾಜ್‌ಪಾಲನೇ ತಾಕೀತು ಮಾಡಿದ.

ಈಗ ನಾನು ಇಂಥ ಘಟಕಗಳನ್ನು ತಪಾಸಣೆ ಮಾಡುವವಳು. ಕಳೆದ ತಿಂಗಳು ಹೋದದ್ದೂ ಅದಕ್ಕೇ, ಎರಡು ಬೀದಿ ಆಚೆಗಿನ ಹೊಸ ಘಟಕಕ್ಕೆ. ಗಾಡಿಯ ಹತ್ತಿರ ಕಿರಣನಿಗೆ ಮಂಗಳವಾರದ ಕಥೆ ಹೇಳಿ ಮುಗಿಸಿ ಒಳಗೆ ಹೋದೆವು. ಎಸಿ ಕೋಣೆ, ಹೊಳೆಯುವ ಮೇಜು. ಅಲ್ಲಿನ ಮ್ಯಾನೇಜರ್ ಊಟದ ಪಟ್ಟಿ ಮುಂದಿಟ್ಟು, "ನಮ್ಮ ವಾಲಂಟಿಯರ್‌ಗಳದ್ದು ಏನೂ ತಕರಾರಿಲ್ಲ ಮೇಡಂ. ಕೊಟ್ಟಿದ್ದು ತಿಂತಾರೆ," ಎಂದು ನಕ್ಕ. ಕಿರಣ್ ನನ್ನ ಮುಖ ನೋಡಿದ.

ನಾನು ಪಟ್ಟಿ ಮುಚ್ಚಿ ಪಕ್ಕಕ್ಕಿಟ್ಟೆ.

"ಅವರನ್ನ ಕರೀರಿ. ಅವರನ್ನೇ ಕೇಳ್ತೀನಿ."

"ಎಲ್ಲರನ್ನೂ, ಮೇಡಂ?"

"ಎಲ್ಲರನ್ನೂ. ಒಬ್ಬೊಬ್ಬರನ್ನಾಗಿ. ಮತ್ತೆ ನೀವು ಹೊರಗಿರಿ."